ಸಂಸಾರಸ್ಥರೂ ಸಂತರಾಗಬಹುದೆ?

ಪ್ರಶ್ನೆ: ಕ್ರೈಸ್ತರಲ್ಲಿ ಸಂತರಾಗಲು ಸನ್ಯಾಸವೇ ಬೇಕೆ? ಮನೆ, ಮಕ್ಕಳು, ದುಡಿಮೆ ಇರುವವರ ಪಾಡೇನು?

ಉತ್ತರ: ಬೇಕಿಲ್ಲ. ಪಾವಿತ್ರ್ಯದ ಕರೆ ಪಾದ್ರಿ, ಕನ್ಯಾಸ್ತ್ರೀಯರಿಗಷ್ಟೇ ಅಲ್ಲ, ಎಲ್ಲ ವಿಶ್ವಾಸಿಗಳಿಗೂ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಸಾರಿತು. ಪೋಪ್ ಫ್ರಾನ್ಸಿಸ್ 2018ರಲ್ಲಿ ‘ಪಕ್ಕದ ಮನೆಯ ಸಂತರು’ ಎಂದೇ ಬರೆದರು.

ಫ್ರಾನ್ಸಿನ ಅಲಾನ್ಸೋನ್ ಪಟ್ಟಣದ ಲೂಯಿ ಮಾರ್ಟಿನ್ ಮತ್ತು ಝೇಲಿ ದಂಪತಿಯನ್ನೇ ನೋಡಿ. ಮದುವೆಗೆ ಮುಂಚೆ ಇಬ್ಬರೂ ಮಠ ಸೇರಲು ಹೋಗಿ ವಾಪಸಾದವರು! ಲೂಯಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಭಾನುವಾರ ಮಾತ್ರ ಅಂಗಡಿ ಬಾಗಿಲು ತೆರೆಯುತ್ತಿರಲಿಲ್ಲ. ಝೇಲಿಯದು ಲೇಸ್ ವ್ಯಾಪಾರ. ಊರಿನ ಹೆಂಗಸರು ಮನೆಯಲ್ಲಿ ಹೆಣೆದು ತಂದ ತುಂಡುಗಳನ್ನು ಸೂಜಿ ಹಿಡಿದು ಜೋಡಿಸಬೇಕು, ಜೋಡಣೆ ಕಣ್ಣಿಗೆ ಬೀಳಬಾರದು. ಜೊತೆಗೆ ಗಿರಾಕಿ, ಬಾಣಂತನ, ಮಕ್ಕಳ ಜ್ವರ. ಒಂಬತ್ತು ಮಕ್ಕಳಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಝೇಲಿ 1877ರಲ್ಲಿ ಸ್ತನ ಕ್ಯಾನ್ಸರ್‌ನಿಂದ ಹೋದರು. ಇದರಲ್ಲಿ ಪವಾಡವೆಲ್ಲಿದೆ ಎನ್ನಬಹುದು. ನನಗಂತೂ ಆ ಸೂಜಿಯ ತಾಳ್ಮೆಯೇ ದೊಡ್ಡದಾಗಿ ಕಾಣುತ್ತದೆ.

2015ರ ಅಕ್ಟೋಬರ್ 18ರಂದು ಇಬ್ಬರಿಗೂ ಒಟ್ಟಿಗೇ ಸಂತ ಪದವಿ ದೊರೆಯಿತು. ಕಿರಿ ಮಗಳು, ಲಿಸ್ಯೂವಿನ ತೆರೇಸಾ, 1925ರಲ್ಲೇ ಸಂತಳಾಗಿದ್ದಳು.