ಮಲ್ಲಿಗೆಯ ಬಿಳುಪು

ಹವ್ಯಾಸಿ ಛಾಯಾಗ್ರಾಹಕನಿಗೆ ಹಂಪೆಯೇ ಆಗಬೇಕೆಂದಿಲ್ಲ, ಆಗುಂಬೆಯೂ ಬೇಡ. ಒಂದು ಕಿಟಕಿ, ಬಟ್ಟಲು ತುಂಬ ಮಲ್ಲಿಗೆ ಇದ್ದರೆ ಬೆಳಗೆಲ್ಲ ಕಳೆದೀತು. ಬಿಳಿಯ ಬಟ್ಟೆಯ ಮೇಲೆ ಹೂವನ್ನು ಹರಡಿ, ಡಿಜಿಟಲ್ ಕ್ಯಾಮೆರಾವನ್ನು ಅದರ ಇಚ್ಛೆಗೇ ಬಿಟ್ಟು ಚಿತ್ರ ತೆಗೆದು ನೋಡಿ: ಮಲ್ಲಿಗೆ ಸಾಮಾನ್ಯವಾಗಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಬೆಳಕುಮಾಪಕಕ್ಕೆ ಹೂವಿನ ಪರಿಚಯವಿಲ್ಲ. ಲೋಕವೆಲ್ಲ ಸರಾಸರಿಗೆ ನಡುಮಟ್ಟದ ಬೂದಿ ಎಂಬುದೇ ಅದರ ಸಿದ್ಧಾಂತ. ಕಪ್ಪು ಕೊಡೆಯನ್ನು ತೋರಿಸಿದರೂ ಬೂದಿಯೇ. ಈ ಸಮದೃಷ್ಟಿ ಯೋಗಿಗೆ ಭೂಷಣವಾದೀತು, ಚಿತ್ರಕ್ಕಲ್ಲ. ಬೆಳಕನ್ನು ಇಮ್ಮಡಿಯೋ ಮುಮ್ಮಡಿಯೋ ಮಾಡಲು ಆಜ್ಞಾಪಿಸಿದರೆ ಬಿಳುಪು ಮರಳುತ್ತದೆ. ಅತಿಯಾದರೆ ಎಸಳಿನ ನವಿರು ಗೆರೆಗಳೇ ಅಳಿಸಿಹೋಗುತ್ತವೆ.

ನೆಗೆಟಿವ್ ಫಿಲ್ಮಿನ ಕಾಲದಲ್ಲಿ ನೆರಳನ್ನು ಕಾಪಾಡುವುದೇ ಗುರೂಪದೇಶವಾಗಿತ್ತು. ಡಿಜಿಟಲ್ ಸಂವೇದಕದಲ್ಲಿ ಅದು ತಲೆಕೆಳಗು. ಅದರ ಬಿಂದುಗಳು ಪುಟ್ಟ ಕೊಡಗಳಿದ್ದಂತೆ. ತುಂಬಿ ತುಳುಕಿದ ಬೆಳಕು ಮರಳಿ ಬಾರದು. ನೆರಳನ್ನಾದರೋ, ಕೊಂಚ ಒರಟುತನವನ್ನು ಸಹಿಸುವುದಾದರೆ, ಆಮೇಲೂ ಬೆಳಗಿಸಿಕೊಳ್ಳಬಹುದು.

1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಬೇಕಾಗಿತ್ತು. ಈಗ ರೆಪ್ಪೆ ಬಡಿಯುವಷ್ಟರಲ್ಲಿ ಫಲ ಕಣ್ಣೆದುರಿಗೆ. 36 ಚಿತ್ರಗಳ ಸುರುಳಿ ಮುಗಿದೀತೆಂಬ ಅಳುಕಿಲ್ಲ. ಕಿಟಕಿಗೆ ಬೆನ್ನುಮಾಡಿ ಹೂ ಕಟ್ಟುತ್ತಿರುವ ಅಜ್ಜಿಯ ಚಿತ್ರ ತೆಗೆಯುವಾಗಲೂ ಅಷ್ಟೆ. ಹೊರಗಿನ ಪ್ರಖರತೆಗೆ ಮಾಪಕ ಮರುಳಾಗಿ ಅವಳ ಮುಖವನ್ನು ಕತ್ತಲಿಗೆ ದೂಡುತ್ತದೆ. ಎದುರಿಗೆ ಬಿಳಿಯ ಹಾಳೆಯೊಂದನ್ನು ಹಿಡಿದರೆ ಬೆಳಕು ಪುಟಿದು ಬಂದು ಒಂದೊಂದು ಸುಕ್ಕನ್ನೂ ಬಿಡಿಸಿ ತೋರುವುದು. ಹಾಳೆ ಹಿಡಿಯಲು ಕದಲದ ಮೊಮ್ಮಗನೊಬ್ಬ ಸಿಕ್ಕಬೇಕು, ಅದೇ ಕಷ್ಟ.