ಮೂರ್ಛೆರೋಗ: ಬಚ್ಚಲಿನಲ್ಲೂ ತೋಟದಲ್ಲೂ ಇರಬೇಕಾದ ಎಚ್ಚರ

ಮನೆಯವರಲ್ಲಿ ಅಥವಾ ತೋಟದ ಆಳುಗಳಲ್ಲಿ ಮೂರ್ಛೆರೋಗವಿದ್ದರೆ ಅದನ್ನು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಮದುವೆಗೆ, ಕೂಲಿಗೆ ಅಡ್ಡಿಯಾದೀತೆಂಬ ಭಯವೇ ಇದಕ್ಕೆ ಕಾರಣ. ಆದರೆ ಹಾಗೆ ಮುಚ್ಚಿಟ್ಟ ರೋಗಿಯೇ ಕೊನೆ ತೆಗೆಯಲು ಅಡಿಕೆ ಮರ ಹತ್ತಿದರೆ ಅನಾಹುತ ತಪ್ಪಿದ್ದಲ್ಲ. ಆದ್ದರಿಂದ ಸದಸ್ಯ ಬಾಂಧವರ ಗಮನಕ್ಕೆ ಕೆಲವು ವಿಷಯಗಳನ್ನು ತರುತ್ತಿದ್ದೇವೆ.

ಮಿದುಳಿನಲ್ಲಿ ವಿದ್ಯುತ್ ಸಂಚಾರ ಕ್ಷಣಕಾಲ ಏರುಪೇರಾಗುವುದೇ ಫಿಟ್ಸ್. ಇದು ದೆವ್ವದ ಕಾಟವಲ್ಲ, ಅಂಟುರೋಗವೂ ಅಲ್ಲ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ 100ರಲ್ಲಿ ಸುಮಾರು 70 ಮಂದಿಗೆ ಫಿಟ್ಸ್ ಬಾರದಂತೆ ತಡೆಯಬಹುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗದ ಉಲ್ಲೇಖವನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ.

ಮಾತ್ರೆ ತಪ್ಪಿಸುವುದು, ನಿದ್ದೆಗೆಡುವುದು, ಜ್ವರ, ಮದ್ಯಪಾನ ಇವು ಫಿಟ್ಸನ್ನು ಕೆರಳಿಸುತ್ತವೆ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯಲು ಇಂಥವರನ್ನು ಕೂರಿಸಬಾರದು. ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಕಂಡುಬಂದಿರುವ ಇನ್ನೊಂದು ಬಗೆಯಿದೆ: ಹಂಡೆಯ ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ತಲೆಗೆ ಸುರಿದುಕೊಳ್ಳುವಾಗ ಬರುವ ಫಿಟ್ಸ್. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಇಂಥವರು ಉಗುರುಬೆಚ್ಚಗಿನ ನೀರನ್ನೇ ಬಳಸಬೇಕು, ತಲೆಗೆ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು, ಬಚ್ಚಲಿನ ಅಗುಳಿ ಹಾಕಬಾರದು.

ಕೆಲವರಿಗೆ ಮುನ್ಸೂಚನೆ ಸಿಗುತ್ತದೆ. ಹೊಟ್ಟೆಯಿಂದ ಏನೋ ಮೇಲೇರಿದಂತೆ, ಇಲ್ಲದ ವಾಸನೆ ಬಂದಂತೆ ಆಗುವುದು, ಕೈ ಅದುರುವುದು ಇತ್ಯಾದಿ. ಆಗ ಒಡನೆ ನೆಲದ ಮೇಲೆ ಮಲಗಿಬಿಡಬೇಕು. ಎಲ್ಲರಿಗೂ ಈ ಸೂಚನೆ ಸಿಗುವುದಿಲ್ಲವಾದ್ದರಿಂದ ಮರ, ಏಣಿ, ಕೆರೆ, ಅಡಿಕೆ ಬೇಯಿಸುವ ಒಲೆ, ಪಲ್ಪರ್ ಇವುಗಳ ಕೆಲಸ ಇವರಿಗೆ ಬೇಡ. ಹಾಗೆಂದು ಕೂಲಿ ತಪ್ಪಿಸುವುದೂ ನ್ಯಾಯವಲ್ಲ. ಕಾಫಿ ಕೊಯ್ಲು, ಕಣದ ಕೆಲಸ ಜೊತೆಗಾರರೊಂದಿಗೆ ಮಾಡಬಹುದು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಸಲ್ಲದು. ಕತ್ತಿ, ಕಲ್ಲುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆ ಬಟ್ಟೆಯಿಡಿ. ಸೆಳೆತ ನಿಂತೊಡನೆ ಒಂದು ಮಗ್ಗುಲಿಗೆ ಹೊರಳಿಸಿ. ಗಡಿಯಾರ ನೋಡುತ್ತಿರಿ, 5 ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ಫಿಟ್ಸ್ ನಿಂತಿತೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡಕೂಡದು. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಟ್ಟುವ ಊರಿನವರು ಮಾತ್ರೆಯನ್ನು ಮುಂಚಿತವಾಗಿಯೇ ತಂದಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇವೆ.