ಹಸ್ತಾಂತರದ ಅಪೀಲುಗಳಲ್ಲಿ ಯಥಾರ್ಹತೆಯ ವಿಚಾರ

ಒಂದು ರಾಜ್ಯದಲ್ಲಿ ಅಪರಾಧಮಾಡಿದನೆಂಬ ಆರೋಪಕ್ಕೆ ಗುರಿಯಾದವನು ಮತ್ತೊಂದು ರಾಜ್ಯದಲ್ಲಿದ್ದರೆ, ಅವನನ್ನು ವಿಚಾರಣೆಗಾಗಿ ಮೊದಲನೆಯ ರಾಜ್ಯಕ್ಕೆ ಒಪ್ಪಿಸುವುದಕ್ಕೆ ಹಸ್ತಾಂತರವೆಂದು ಹೆಸರು. ಹಾಗೆ ಒಪ್ಪಿಸುವುದು ಆರೋಪದ ಗುರುತ್ವಕ್ಕೆ ತಕ್ಕುದೇ ಎಂಬ ವಿಮರ್ಶೆಯನ್ನು ‘ಯಥಾರ್ಹತೆ’ ಎನ್ನಬಹುದು. ತೀಕ್ಷ್ಣದಂಡ ಮೃದುದಂಡಗಳೆರಡನ್ನೂ ಬಿಟ್ಟು ಯಥಾರ್ಹದಂಡವನ್ನು ಕೌಟಿಲ್ಯನು ಮೆಚ್ಚಿರುವುದರಿಂದ ಈ ಶಬ್ದವು ನಮಗೆ ಹೊಸದಲ್ಲ. ಆದರೆ ಅಲ್ಲಿ ತೂಗುವುದು ದಂಡವನ್ನು. ಇಲ್ಲಿ ತೂಗುವುದು ಕಳುಹಿಸುವಿಕೆಯನ್ನು. ಈ ಭೇದವನ್ನು ಇಂಗ್ಲೆಂಡಿನ ನ್ಯಾಯಪದ್ಧತಿಯಿಂದ ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪರರಾಜ್ಯದ ಕರವನ್ನು ವಸೂಲುಮಾಡಿಕೊಡುವುದು ತಮ್ಮ ಕಾರ್ಯವಲ್ಲವೆಂಬುದು ಅಲ್ಲಿಯ ನ್ಯಾಯಸ್ಥಾನಗಳ ಹಳೆಯ ನಿಯಮ. 1957ರ ಯೂರೋಪಿನ ಹಸ್ತಾಂತರದ ಒಪ್ಪಂದವೂ ಕರಸಂಬಂಧವಾದ ಅಪರಾಧಗಳಲ್ಲಿ, ರಾಜ್ಯಗಳು ಪ್ರತ್ಯೇಕವಾಗಿ ಸಮ್ಮತಿಸಿದ್ದರೆ ಮಾತ್ರವೇ ಹಸ್ತಾಂತರಕ್ಕೆ ಎಡೆಗೊಟ್ಟಿತ್ತು. 2002ರಲ್ಲಿ ಯೂರೋಪಿನ ಬಂಧನಪತ್ರವು ವಿಹಿತವಾದಾಗ, ಉಭಯರಾಜ್ಯಗಳ ಕರಗಳು ಒಂದೇ ಬಗೆಯವಲ್ಲವೆಂಬ ಕಾರಣದಿಂದ ಒಪ್ಪಿಸದಿರಲಾಗದೆಂದು ನಿರ್ಣಯವಾಯಿತು. ಈ ಬಾಗಿಲು ಮುಚ್ಚಿದಮೇಲೆ ಆರೋಪಿಗೆ ಉಳಿದ ಆಶ್ರಯಗಳಲ್ಲಿ ಯಥಾರ್ಹತೆಯು ಮುಖ್ಯವಾದುದು.

2003ರ ಹಸ್ತಾಂತರದ ಕಾಯಿದೆಗೆ 2014ರಲ್ಲಿ ಸೇರಿಸಿದ ವಿಧಿಯು, ಇನ್ನೂ ಅಪರಾಧಿಯೆಂದು ತೀರ್ಮಾನವಾಗದವನ ವಿಷಯದಲ್ಲಿ ಮೂರು ಅಂಶಗಳನ್ನು ನೋಡಬೇಕೆನ್ನುತ್ತದೆ: ಆರೋಪಿತ ಕೃತ್ಯದ ಗುರುತ್ವ, ವಿಧಿಸಬಹುದಾದ ಶಿಕ್ಷೆ, ಹಸ್ತಾಂತರಕ್ಕಿಂತ ಕಡಮೆ ಬಲಾತ್ಕಾರದ ಉಪಾಯವುಂಟೇ ಎಂಬುದು. 2020ರ ಅಂತ್ಯದಲ್ಲಿ ಬ್ರಿಟನ್ನು ಆ ಬಂಧನಪತ್ರದ ವ್ಯವಸ್ಥೆಯನ್ನು ಬಿಟ್ಟರೂ, ಯೂರೋಪಿಯನ್ ಒಕ್ಕೂಟದೊಡನೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ ಈ ತತ್ತ್ವವು ಉಳಿದಿದೆ. ಕುಟುಂಬಜೀವನದ ಹಕ್ಕಿನದು ಬೇರೊಂದು ತೂಕ. 2012ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು, ವಂಚನೆಯ ಆರೋಪದಮೇಲೆ ಪೋಲೆಂಡು ಕೇಳಿದ್ದ ಐವರು ಮಕ್ಕಳ ತಾಯಿಯ ಅಪೀಲನ್ನು ಪುರಸ್ಕರಿಸಿತು. ಅದೇ ತೀರ್ಪಿನಲ್ಲಿ, ಮಾದಕದ್ರವ್ಯಸಾಗಣೆಗಾಗಿ ಇಟಲಿಯು ಕೇಳಿದ್ದ ದಂಪತಿಗಳ ಅಪೀಲನ್ನು ತಳ್ಳಿಹಾಕಿತು. ಮಕ್ಕಳ ದುಃಖವು ಎರಡೆಡೆಯೂ ಇದ್ದಿತು. ತಕ್ಕಡಿಯ ಇನ್ನೊಂದು ತಟ್ಟೆಯ ಭಾರ ಬೇರೆಯಾಗಿದ್ದಿತು.

ಅಪೀಲಿನ ನ್ಯಾಯಾಧೀಶರು ತಕ್ಕಡಿಯನ್ನು ಮೊದಲಿನಿಂದ ಹಿಡಿಯುವವರಲ್ಲ. ಕೆಳಗಿನ ನ್ಯಾಯಾಧೀಶರು ಪಕ್ಷ ಪ್ರತಿಪಕ್ಷದ ಅಂಶಗಳನ್ನು ಜಮಾಖರ್ಚಿನಂತೆ ಬರೆದು ತೀರ್ಮಾನಿಸಬೇಕು, ಆ ತೀರ್ಮಾನವು ತಪ್ಪೇ ಎಂಬುದೊಂದೇ ಅಪೀಲಿನ ಪ್ರಶ್ನೆ ಎಂಬುದು 2015ರ ಒಂದು ತೀರ್ಪಿನಿಂದ ಸ್ಥಿರಪಟ್ಟಿದೆ.

ಕರವಂಚನೆಯಲ್ಲಿ ಈ ತೂಕವು ಕಠಿನ. ನೊಂದವನೆಂದು ಬೆರಳಿಟ್ಟು ತೋರಿಸಲು ಒಬ್ಬನೂ ಇಲ್ಲವಾದ್ದರಿಂದ ಕೃತ್ಯವು ಹಗುರವೆಂದು ತೋರುವುದು. ಆದರೆ ಕರವನ್ನು ಕೊಡಲಾರದವನು ಸಾಲಗಾರ. ಸುಳ್ಳುಲೆಕ್ಕ ಬರೆದವನು ಸರ್ವರ ಬೊಕ್ಕಸಕ್ಕೆ ಕೈಹಾಕಿದವನು. ಇವರಿಬ್ಬರನ್ನೂ ಒಂದೇ ಹಗ್ಗದಿಂದ ಎಳೆದೊಯ್ಯುವುದು ಅನ್ಯಾಯ. ಇಬ್ಬರನ್ನೂ ಬಿಟ್ಟುಬಿಡುವುದೂ ಅನ್ಯಾಯವೇ. ಇವರನ್ನು ಬೇರ್ಪಡಿಸಿ ನೋಡುವ ದೃಷ್ಟಿಯೇ ಯಥಾರ್ಹತೆಯ ಸಾರವೆಂದು ನಮಗೆ ತೋರುತ್ತದೆ.